ಅತ್ತೆ ಹಿಡಿದ ಬಾಡಿಗೆ ಮನೆ

ಹೊನವಾಡದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಕೂಡಲು ಜಾಗ ಸಿಗುವುದು ಅಪರೂಪ. ಟಿಕೋಟಾ ಬರುವಷ್ಟರಲ್ಲಿ ನಿಲ್ಲಲಿಕ್ಕೂ ಜಾಗ ಇರುತ್ತಿರಲಿಲ್ಲ. ಕಾಲೇಜಿಗೆ ಹೊರಟ ಹುಡುಗಿಯರು, ದ್ರಾಕ್ಷಿ ತೋಟಕ್ಕೆ ಔಷಧಿ ತರಲು ಹೊರಟವರು, ದವಾಖಾನೆಗೆ ಹೊರಟವರು, ಎಲ್ಲರ ನಡುವೆ ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಬುತ್ತಿಯ ಚೀಲ ಹಿಡಿದು ನಾನು ವರ್ಷಗಟ್ಟಲೆ ಹೋಗಿ ಬಂದೆ. ತೊರವಿ ದಾಟಿ ವಿಜಯಪುರದ ಅಂಚಿನಲ್ಲಿರುವ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ. ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು, ಹುಡುಗರು ಎಲ್ಲೆಂದರಲ್ಲಿ ಬಿಟ್ಟುಹೋದದ್ದನ್ನು ಮತ್ತೆ ಕಪಾಟಿಗೆ ಸೇರಿಸುವುದು. ಕೆಲಸವೇನೂ ಭಾರವಲ್ಲ. ಹೋಗಿ ಬರುವುದೇ ಭಾರ. ಸಂಜೆ ಊರು ಮುಟ್ಟಿದಾಗ ಚಪ್ಪಲಿ ಬಿಡುವ ಮೊದಲು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಒಳಗೆ ಹೋಗುತ್ತಿದ್ದೆ. ಅತ್ತೆ ಅಲ್ಲಿಗೇ ನೀರು ತಂದುಕೊಡುತ್ತಿದ್ದಳು.

ಮನೆಯಲ್ಲಿ ಇದ್ದವರು ನಾವಿಬ್ಬರೇ, ಅತ್ತೆ ಮತ್ತು ನಾನು. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಒಣದ್ರಾಕ್ಷಿ ವ್ಯಾಪಾರಕ್ಕೆಂದು ಸಾಂಗ್ಲಿಗೆ ಓಡಾಡುತ್ತಿದ್ದವನು, ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಬರಲಿಲ್ಲ. ಅಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ ಎಂಬುದು ಊರಿಗೆಲ್ಲ ತಿಳಿದ ಮೇಲೆ ಕೊನೆಗೆ ನಮಗೆ ತಿಳಿಯಿತು. ನನಗೆ ಮಕ್ಕಳಿರಲಿಲ್ಲ. ತವರಿಗೆ ಹೋಗುವ ಮಾತು ಬಂದಾಗ ಅತ್ತೆ, ನೀ ಹೋದರೆ ನಾನೂ ನಿನ್ನ ಜೊತೆ ಬರುತ್ತೇನೆ ಅಂದಳು. ಅದಕ್ಕೆ ಏನು ಹೇಳಬೇಕೋ ತಿಳಿಯದೆ ಅಲ್ಲೇ ಉಳಿದೆ. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ತಾಳಿ ಬಿಚ್ಚಿ ಪೆಟ್ಟಿಗ್ಯಾಗ ಇಡು ಯವ್ವಾ. ಬಂಗಾರ ಐತಿ, ಸುಮ್ನ ಸವೀತೈತಿ" ಅಂದಳು. ಬಿಚ್ಚಿ ಇಟ್ಟೆ. ಅಷ್ಟಕ್ಕೇ ಆ ವಿಷಯ ಮುಗಿಯಿತು ಅಂದುಕೊಂಡಿದ್ದೆ.

ಮನೆ ಬದಲಿಸುವ ಯೋಚನೆ ಬಂದದ್ದು ಅತ್ತೆಯ ಮೊಣಕಾಲಿನಿಂದ. ವಾರದಲ್ಲಿ ಎರಡು ಮೂರು ಸಲ ದವಾಖಾನೆಗೆ ಬಂದು ವ್ಯಾಯಾಮ ಮಾಡಿಸಿಕೊಂಡು ಹೋಗಬೇಕು, ಇಲ್ಲದಿದ್ದರೆ ಕಾಲು ಮಡಚಲು ಆಗುವುದಿಲ್ಲ ಅಂದರು ಡಾಕ್ಟರು. ಆ ಬಸ್ಸಿನ ಮೆಟ್ಟಿಲು ಅವಳಿಗೆ ಹತ್ತಲು ಆಗುತ್ತಿರಲಿಲ್ಲ. ಹಿಂದಿನಿಂದ ನಾನು ನೂಕಬೇಕು, ಮುಂದಿನಿಂದ ಕಂಡಕ್ಟರ್ ಎಳೆಯಬೇಕು. ಕಾಲೇಜಿನ ಹತ್ತಿರವೇ ಒಂದು ಸಣ್ಣ ಮನೆ ಹಿಡಿದರೆ ದವಾಖಾನೆಯೂ ಹತ್ತಿರ, ನನ್ನ ಓಡಾಟವೂ ತಪ್ಪುತ್ತದೆ ಎಂದು ಇಬ್ಬರೂ ಮಾತಾಡಿಕೊಂಡೆವು.

ಕಾಲೇಜಿನ ಸುತ್ತಲಿನ ಬಡಾವಣೆ ಆ ಹೊತ್ತಿಗೆ ಬೇರೆಯೇ ಊರಾಗಿತ್ತು. ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಜಾಲಿ ಕಂಟಿ, ಕಲ್ಲು, ಬೇಲಿ ಇಲ್ಲದ ಸೈಟುಗಳಿದ್ದವು. ಈಗ ಡಾಕ್ಟರುಗಳ ಮನೆ, ಪ್ರೊಫೆಸರುಗಳ ಮನೆ, ಬಬಲೇಶ್ವರದ ಕಡೆಯ ದ್ರಾಕ್ಷಿ ತೋಟದವರು ಮಕ್ಕಳ ಓದಿಗೆಂದು ಕಟ್ಟಿಸಿದ ಮೂರಂತಸ್ತಿನ ಕಟ್ಟಡಗಳು. ಪ್ರತಿ ಗೇಟಿನ ಒಳಗೂ ಕಾರು, ಪ್ರತಿ ಗೇಟಿನ ಮೇಲೂ ಕಾಗದದ ಹೂವಿನ ಬಳ್ಳಿ. ಬೀದಿಯ ತುದಿಯಲ್ಲಿ ಕಾಫಿ ಅಂಗಡಿ, ಅದರ ಮುಂದೆ ಹುಡುಗರ ಗಾಡಿಗಳು. "ಮನೆ ಬಾಡಿಗೆಗಿದೆ" ಎಂಬ ಬೋರ್ಡು ಮಾತ್ರ ಎಲ್ಲ ಕಡೆ ಇತ್ತು. ಆದ್ದರಿಂದ ಮನೆ ಸಿಗುವುದು ಸುಲಭ ಅಂದುಕೊಂಡೆ.

ಕೆಲಸ ಮುಗಿದ ಮೇಲೆ ಬಸ್ಸು ಬರುವ ತನಕ ಬೀದಿ ಬೀದಿ ತಿರುಗಿದೆ. ಅರ್ಧಕ್ಕರ್ಧ ಮನೆಗಳನ್ನು ಒಂದು ಮಂಚಕ್ಕೆ ಇಷ್ಟು ಎಂದು ಕಾಟಿನ ಲೆಕ್ಕದಲ್ಲಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರು. ಸಂಸಾರಸ್ಥರಿಗೆ ಕೊಟ್ಟರೆ ಅವರಿಗೆ ಲಾಭವಿಲ್ಲ. ಉಳಿದವರು ಸಂಸಾರಸ್ಥರಿಗೆ ಮಾತ್ರ ಅಂದರು. ನಾವೂ ಸಂಸಾರಸ್ಥರೇ ಎಂದು ಒಳಗೆ ಹೋದರೆ, ಕೂಡಿಸಿ, ನೀರು ಕೊಟ್ಟು, ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುತ್ತಿದ್ದರು. ನಾನು, ನಮ್ಮತ್ತೆ ಅನ್ನುತ್ತಿದ್ದೆ. ಆಗ ಎಲ್ಲರ ಕಣ್ಣೂ ನನ್ನ ಕೊರಳಿಗೆ ಬರುತ್ತಿತ್ತು, ಅಲ್ಲಿಂದ ಹಣೆಗೆ ಹೋಗುತ್ತಿತ್ತು. ಹಣೆಯಲ್ಲಿ ಸಣ್ಣ ಟಿಕಳಿ, ಕೊರಳಲ್ಲಿ ಏನೂ ಇಲ್ಲ. ಯಜಮಾನರು ಎಲ್ಲಿರುತ್ತಾರೆ ಎಂಬ ಪ್ರಶ್ನೆ ಬರುತ್ತಿತ್ತು. ಸಾಂಗ್ಲಿಯಲ್ಲಿ ಅಂದರೆ, ಬಂದು ಹೋಗಿ ಮಾಡುತ್ತಾರೇನು ಎಂದು ಕೇಳುತ್ತಿದ್ದರು. ಇಲ್ಲ ಅಂದರೆ, ಯಾಕೆ ಎಂದು ಕೇಳುತ್ತಿದ್ದರು. ಸಾಹೇಬರನ್ನು ಕೇಳಿ ಫೋನ್ ಮಾಡುತ್ತೇವೆ ಎಂದು ಹೇಳಿ ಗೇಟಿನ ತನಕ ಬಂದು ಕಳಿಸುತ್ತಿದ್ದರು. ಯಾರೂ ಒರಟಾಗಿ ಮಾತಾಡಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆನೇನೋ. ಒಬ್ಬ ಪ್ರೊಫೆಸರರ ಹೆಂಡತಿಯಂತೂ ನನ್ನ ಕೈ ಹಿಡಿದು, ನಮಗೇನೂ ಅಭ್ಯಂತರವಿಲ್ಲ, ಅಕ್ಕಪಕ್ಕದವರು ಕೇಳುತ್ತಾರೆ ಎಂದು ಬಹಳ ಬೇಜಾರಿನಿಂದ ಹೇಳಿದಳು. ಅಕ್ಕಪಕ್ಕದ ಮನೆಗೆ ಹೋದರೆ ಅವರೂ ಅದನ್ನೇ ಹೇಳಿದರು.

ಹೀಗೆ ಒಂದು ಬೇಸಿಗೆ ಕಳೆಯಿತು. ನನಗೆ ಸಿಟ್ಟು ಬರುವುದೂ ನಿಂತುಹೋಯಿತು. ಕೇಳುವ ಮೊದಲೇ ನಾನೇ ಎಲ್ಲ ಹೇಳಿ, ಅವರ ಮುಖ ನೋಡಿ, ಕೊಟ್ಟ ನೀರು ಕುಡಿದು ಎದ್ದು ಬರುವುದು ರೂಢಿಯಾಯಿತು.

ಮಳೆಗಾಲ ಹಿಡಿಯುವ ಮುಂದೆ ಒಂದು ದಿನ ದವಾಖಾನೆ ಮುಗಿಸಿಕೊಂಡು ಹೊರಗೆ ಬಂದಾಗ ಅತ್ತೆ, ಇವತ್ತು ನಾನೂ ಬರುತ್ತೇನೆ, ಎಲ್ಲಿ ಕೇಳುತ್ತೀ ತೋರಿಸು ಅಂದಳು. ಬ್ಯಾಡ, ಕಾಲು ನೋಯುತ್ತದೆ ಅಂದರೂ ಕೇಳಲಿಲ್ಲ. ಹಿಂದಿನ ಬೀದಿಯಲ್ಲಿ ಒಂದು ಬಿಳಿ ಕಟ್ಟಡದ ಎರಡನೆಯ ಮಹಡಿ ಖಾಲಿ ಇತ್ತು. ಮಾಲೀಕರು ನಿಡೋಣಿಯವರು, ದೊಡ್ಡ ತೋಟದವರು. ಯಜಮಾನರು ಹೆಚ್ಚಾಗಿ ಊರಲ್ಲೇ ಇರುತ್ತಿದ್ದರು. ಅವರ ಹೆಂಡತಿ, ಐವತ್ತು ದಾಟಿದ ಹೆಣ್ಣುಮಗಳು, ಡಾಕ್ಟರಿಕೆ ಓದುವ ಮಗಳ ಜೊತೆ ಕೆಳಗಿನ ಮನೆಯಲ್ಲಿದ್ದಳು. ಬಾಡಿಗೆಯ ವ್ಯವಹಾರವೆಲ್ಲ ಅವಳದೇ.

ಅತ್ತೆಯನ್ನು ನೋಡಿ ಅವಳಿಗೆ ಊರ ಕಡೆಯವರು ಬಂದ ಹಾಗೆ ಆಯಿತು. ಸೋಫಾದ ಮೇಲೆ ಕೂಡಿಸಿ ಚಹಾ ಕೊಟ್ಟಳು. ಹೊನವಾಡದ ಮಳೆ, ಬೆಳೆ, ಜೋಳದ ರಾಶಿ ಎಲ್ಲ ಮಾತಾದ ಮೇಲೆ ಅದೇ ಪ್ರಶ್ನೆಗೆ ಬಂದಳು. ಅದನ್ನು ನನಗಲ್ಲ, ಅತ್ತೆಗೆ ಕೇಳಿದಳು.

"ಮಗ ಎಲ್ಲಿ ಇರ್ತಾನ್ರಿ?"

ನಾನು ರೂಢಿಯಂತೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಚಹಾದ ಕಪ್ಪು ಕೆಳಗಿಟ್ಟು, "ಮಗ ಸತ್ತಾನ್ರಿ" ಅಂದಳು.

ಮಾಲೀಕಳು ಸೆರಗು ಬಾಯಿಗೆ ಹಿಡಿದಳು. ಹೇಗೆ, ಏನಾಗಿತ್ತು ಎಂದು ಕೇಳಲು ಹೊರಟವಳಿಗೆ ಅತ್ತೆ, ಅದನ್ನೊಂದು ಕೇಳಬ್ಯಾಡ್ರಿ ಅಂದಳು. ಅವಳು ಕೇಳಲಿಲ್ಲ. ನನ್ನ ಕಡೆ ತಿರುಗಿ ನೋಡಿ ಕಣ್ಣು ಒರೆಸಿಕೊಂಡಳು. ನಾನು ನೆಲದ ಹಾಸುಗಲ್ಲು ನೋಡುತ್ತ ಕೂತೆ. ಸ್ವಲ್ಪ ಹೊತ್ತಿನಲ್ಲಿ ಅವಳು ಕೀಲಿಕೈ ತಂದು, ಮೇಲೆ ಹೋಗಿ ಮನೆ ನೋಡಿ ಬನ್ನಿ ಅಂದಳು. ಮೆಟ್ಟಿಲು ಬಸ್ಸಿನವಷ್ಟು ಎತ್ತರವಿರಲಿಲ್ಲ, ಅತ್ತೆ ಪಕ್ಕದ ಕಠಡಾ ಹಿಡಿದು ಒಂದೊಂದೇ ಹತ್ತಿದಳು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸಲು ಒಂದು ಸಣ್ಣ ಪಡಸಾಲೆ. ಅತ್ತೆ ಅಡುಗೆಮನೆಯ ಕಟ್ಟೆಯನ್ನು ಕೈಯಿಂದ ತಟ್ಟಿ ನೋಡಿ, ರೊಟ್ಟಿ ಬಡಿಯಲು ಗಟ್ಟಿ ಇದೆ ಅಂದಳು.

ಬಸ್ಸು ಹಿಡಿದು ಊರಿಗೆ ವಾಪಸು ಬಂದೆವು. ಮನೆಗೆ ಬಂದವಳೇ ಅತ್ತೆ ಒಲೆಯ ಮೇಲೆ ನೀರು ಕಾಯಿಸಿ ತಲೆಯ ಮೇಲೆ ಸುರಿದುಕೊಂಡಳು. ಅವತ್ತು ಅವಳು ತಲೆ ತೊಳೆಯುವ ವಾರವಲ್ಲ. ಒದ್ದೆ ಕೂದಲು ಇಳಿಬಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ಎದ್ದು, ಬುತ್ತಿಯಲ್ಲಿ ಉಳಿದಿದ್ದ ಪಲ್ಯ ಬಿಸಿ ಮಾಡಿ ನನಗೆ ಬಡಿಸಿದಳು. ತಾನು ಉಣ್ಣಲಿಲ್ಲ.

ಒಂದು ಟೆಂಪೋದಲ್ಲಿ ಸಾಮಾನು ಹಾಕಿಕೊಂಡು ಬಂದೆವು. ಬಸ್ಸಿನ ಓಡಾಟ ತಪ್ಪಿತು, ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ. ಮೈ ಹಗುರಾಗಬೇಕಿತ್ತು. ಆದರೆ ಬೇರೊಂದು ದಣಿವು ಶುರುವಾಯಿತು. ಬಂದ ವಾರದಲ್ಲೇ ಕಟ್ಟಡಕ್ಕೆಲ್ಲ ನನ್ನ ಸುದ್ದಿ ಗೊತ್ತಾಗಿತ್ತು. ಎದುರು ಮನೆಯ ಡಾಕ್ಟರಮ್ಮ ನನ್ನನ್ನು ಕಂಡರೆ ದನಿ ಸಣ್ಣದು ಮಾಡಿ ಮಾತಾಡುತ್ತಿದ್ದಳು. ಮಾಲೀಕಳು ಕೆಳಗಿನಿಂದ ತೋಟದ ದ್ರಾಕ್ಷಿ, ಹೋಳಿಗೆ, ಶೇಂಗಾದ ಉಂಡಿ ಕಳಿಸುತ್ತಿದ್ದಳು. ಬಂದವರಿಗೆಲ್ಲ, ಪಾಪ ಸಣ್ಣ ವಯಸ್ಸು ಎಂದು ಹೇಳುವುದು ಮೆಟ್ಟಿಲ ಮೇಲೆ ನನ್ನ ಕಿವಿಗೆ ಬೀಳುತ್ತಿತ್ತು. ಶ್ರಾವಣದ ಶುಕ್ರವಾರ ಬೀದಿಯ ಹೆಂಗಸರನ್ನೆಲ್ಲ ಅರಿಷಿಣ ಕುಂಕುಮಕ್ಕೆ ಕರೆದಳು. ನಮ್ಮ ಬಾಗಿಲನ್ನು ದಾಟಿ ಮೂರನೆಯ ಮಹಡಿಗೆ ಹೋಗಿ ಕರೆದು ಬಂದಳು. ಸಂಜೆ ಎಲ್ಲರೂ ಹೋದ ಮೇಲೆ ಒಂದು ಡಬ್ಬಿಯಲ್ಲಿ ಊಟ ಕಳಿಸಿದಳು. ಅವಳು ಒಳ್ಳೆಯವಳೇ. ಅದೇ ತೊಂದರೆಯಾಗಿತ್ತು.

ಸತ್ತವನ ಹೆಂಡತಿಯಾಗಿ ಇರಬೇಕಾದರೆ ನೆನಪಿಟ್ಟುಕೊಳ್ಳುವುದು ಬಹಳ. ಗ್ರಂಥಾಲಯದಲ್ಲಿ ಜೊತೆಗೆ ಕೆಲಸ ಮಾಡುವವರಿಗೆ ನಿಜ ಗೊತ್ತು, ಅದಕ್ಕೆ ಅವರನ್ನು ಮನೆಗೆ ಕರೆಯುವಂತಿಲ್ಲ. ಊರಿನವರು ಸಂತೆಗೆ, ಕೋರ್ಟಿಗೆ ಬಂದಾಗ ಹಾಯ್ದು ಹೋಗುತ್ತೇವೆ ಅಂದರೆ, ಅತ್ತೆ ಕಾಲುನೋವಿನ ನೆಪ ಹೇಳಿ ಬೇಡ ಅನ್ನುತ್ತಿದ್ದಳು. ಮನೆಯಲ್ಲಿ ಮದುವೆಯ ಫೋಟೋ ಇಲ್ಲ, ಹಾರ ಹಾಕಿದ ಫೋಟೋವೂ ಇಲ್ಲ. ಯಾರಾದರೂ ಒಳಗೆ ಬಂದರೆ ಗೋಡೆ ನೋಡುತ್ತಿದ್ದರು. ಕೆಂಪು ಸೀರೆ ಉಡುವ ಮುಂದೆ ಯೋಚನೆ, ಜೋರಾಗಿ ನಗುವ ಮುಂದೆ ಯೋಚನೆ. ಕೆಲಸದಿಂದ ಬಂದು ಬಾಗಿಲು ಹಾಕಿಕೊಂಡ ಮೇಲೆಯೇ ನಾನು ಉಸಿರು ಬಿಡುತ್ತಿದ್ದೆ. ಆದರೂ ಬಿಟ್ಟು ಹೋಗೋಣ ಅನ್ನಿಸಲಿಲ್ಲ. ಮತ್ತೆ ಆ ಬೀದಿಗಳಲ್ಲಿ ತಿರುಗಿ, ಮತ್ತೆ ಆ ನೀರು ಕುಡಿಯುವುದು ನನ್ನಿಂದ ಆಗುತ್ತಿರಲಿಲ್ಲ. ಅತ್ತೆಯ ಕಾಲು ಮಾತ್ರ ನಿಧಾನಕ್ಕೆ ಸುಧಾರಿಸುತ್ತಿತ್ತು.

ಸುದ್ದಿ ಹೊರಬಿದ್ದದ್ದು ಊರಿನ ಒಬ್ಬ ಹೆಣ್ಣುಮಗಳಿಂದ. ಮಗಳಿಗೆ ಕಾಲೇಜಿಗೆ ಹೆಸರು ಹಚ್ಚಲು ಬಂದವಳು, ಹೇಳದೆ ಕೇಳದೆ ನಮ್ಮನ್ನು ಹುಡುಕಿಕೊಂಡು ಬಂದಿದ್ದಳು. ನಾವು ದವಾಖಾನೆಗೆ ಹೋಗಿದ್ದೆವು. ಕೆಳಗೆ ಮಾಲೀಕಳ ಜೊತೆ ಕೂತು ಮಾತಾಡುವಾಗ, ನನ್ನ ಗಂಡ ಸತ್ತದ್ದು ಅವಳಿಗೆ ಮೊದಲ ಸಲ ತಿಳಿಯಿತು. ಜಾಣೆ, ಏನೂ ಅನ್ನದೆ ಹ್ಞೂಗುಟ್ಟಿ ಎದ್ದು ಹೋದಳಂತೆ. ಊರಿಗೆ ಹೋಗಿ ಹೇಳಿದಳು. ನಮ್ಮೂರಿನ ಒಣದ್ರಾಕ್ಷಿ ಹೋಗುವುದೆಲ್ಲ ಸಾಂಗ್ಲಿಯ ಕಡೆಗೇ, ಅದರ ಹಿಂದೆಯೇ ಮಾತೂ ಹೋಯಿತು.

ಒಂದು ರವಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಾಲೀಕಳು. ಅವಳ ಹಿಂದೆ ಮೆಟ್ಟಿಲ ಮೇಲೆ ನನ್ನ ಗಂಡ. ಕೂದಲು ಹಣ್ಣಾಗಿತ್ತು, ಹೊಟ್ಟೆ ಬಂದಿತ್ತು. ಇವರು ಗೇಟಿನಲ್ಲಿ ನಿಂತು ತಮ್ಮವ್ವ ಇಲ್ಲಿದ್ದಾಳೆ ಅಂದರು, ಕರೆದುಕೊಂಡು ಬಂದೆ ಅಂದಳು ಮಾಲೀಕಳು. ಅಂದವಳು ಕೆಳಗೆ ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತಳು. ಆತ ನನ್ನ ಕಡೆ ನೋಡಿ, ಅರಾಮ ಇದ್ದೀಯಾ ಎಂದು ಕೇಳಿದ. ಹ್ಞೂ ಅಂದೆ. ಎಷ್ಟೋ ವರ್ಷಗಳ ಮೇಲೆ ನಮ್ಮ ನಡುವೆ ಆದ ಮಾತು ಅಷ್ಟೇ.

ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಗನನ್ನು ನೋಡಿ ಕೈ ನಿಲ್ಲಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಮಗುಚಿ ಹಾಕಿ, ಕೈ ತೊಳೆದುಕೊಂಡು, ಕೂಡು ಅಂದಳು. ಆತ ಗೋಡೆಗೆ ಒರಗಿ ಕೂತ. ತಾಟಿನಲ್ಲಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಹಾಕಿ ಮುಂದಿಟ್ಟಳು. ಆತ ತುತ್ತು ಮುರಿದ, ಬಾಯಿಗೆ ಹಾಕಲಿಲ್ಲ.

"ನಾ ಸತ್ತೇನಿ ಅಂತ ಹೇಳೀಯಂತಲ್ಲ ಬೇ."

"ಹೇಳೇನಿ."

"ಯಾಕ?"

"ಮನಿ ಬೇಕಾಗಿತ್ತು."

ಮನೆ ಹಿಡಿಯಲು ಯಾರಾದರೂ ಇಂಥ ಮಾತು ಆಡುತ್ತಾರೇನು ಎಂದು ಆತ ಕೇಳಿದ. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು. ಅತ್ತೆ ಅವನ ಎದುರಿಗೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಳು.

"ನೀ ಅದಿ ಅಂದ್ರ, ಎಲ್ಲಿ ಅದಾನ ಅಂತ ಕೇಳ್ತಾರ. ಎಲ್ಲಿ ಅಂತ ಹೇಳಿದ್ರ, ಅಲ್ಲಿ ಯಾಕ ಅದಾನ ಅಂತ ಕೇಳ್ತಾರ. ಈಕಿ ಒಂದು ಬ್ಯಾಸಗಿ ಪೂರ್ತಿ ಮಂದಿ ಮನಿ ಮನಿಗೆ ಹೋಗಿ ಅದನ್ನ ಹೇಳ್ಯಾಳ. ಸತ್ತಾನ ಅಂದ್ರ ಮುಂದ ಯಾರೂ ಏನೂ ಕೇಳೂದಿಲ್ಲ. ಉಣ್ಣು."

ಆತ ಉಂಡ. ತಲೆ ಬಗ್ಗಿಸಿ, ಹಾಕಿದ್ದೆಲ್ಲ ಉಂಡ. ನಾನು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಈ ದಿನ ಬಂದರೆ ಏನೇನು ಅನ್ನಬೇಕು ಎಂದು ಮೊದಲೆಲ್ಲ ಬಸ್ಸಿನಲ್ಲಿ ನಿಂತು ಮನಸ್ಸಿನಲ್ಲೇ ಎಷ್ಟೋ ಸಲ ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಆತನ ಅಂಗಿಯ ತೋಳಿನಲ್ಲಿ ಒಂದು ಗುಂಡಿ ಹೋಗಿತ್ತು. ಅದನ್ನು ನೋಡಿದೆ, ಹಚ್ಚಿಕೊಡಬೇಕು ಅನ್ನಿಸಲಿಲ್ಲ. ಅದರಿಂದಲೇ ನನಗೆ ನನ್ನ ಮನಸ್ಸು ಗೊತ್ತಾಯಿತು.

ಹೋಗುವಾಗ ಆತ ತಾಯಿಗೆ, ಸಾಂಗ್ಲಿಗೆ ಬಾ, ಅಲ್ಲಿ ಒಳ್ಳೆಯ ಡಾಕ್ಟರು ಇದ್ದಾರೆ ಅಂದ. ಅತ್ತೆ, ಇಲ್ಲೇ ತೋರಿಸುತ್ತಿದ್ದೇನೆ, ಗುಣ ಕಾಣುತ್ತಿದೆ ಅಂದಳು. ಕಠಡಾದ ತನಕ ಹೋಗಿ ಅವನು ಇಳಿಯುವುದನ್ನು ನೋಡುತ್ತ ನಿಂತಳು. ಗೇಟು ಹಾಕಿದ ಸದ್ದಾದ ಮೇಲೆ ಒಳಗೆ ಬಂದು, ಉಳಿದ ಹಿಟ್ಟಿಗೆ ನೀರು ಹಾಕಿ ನಾದಿದಳು. ಆಗ ಅವಳ ಮೂಗಿನ ತುದಿಯಿಂದ ನೀರು ಹಿಟ್ಟಿನೊಳಗೆ ಬೀಳುತ್ತಿತ್ತು. ನಾನು ಹಂಚು ಇಳಿಸಿ, ಒಲೆ ಆರಿಸಿ, ಹಿಟ್ಟಿನ ಪರಾತವನ್ನು ಅವಳ ಕೈಯಿಂದ ತೆಗೆದುಕೊಂಡೆ.

ಮಾಲೀಕಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಗ ಸುಮ್ಮನೆ ಇಳಿದು ಹೋದವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಬಂದಳು. ಮನೆ ಬಿಡಿ ಅನ್ನುತ್ತಾಳೆ ಎಂದು ತಿಳಿದು ನಾನು ಮನಸ್ಸಿನಲ್ಲೇ ಸಾಮಾನು ಕಟ್ಟುತ್ತಿದ್ದೆ. ಅವಳು ಕೂತು, ನಾನು ನಿಮ್ಮನ್ನು ನಂಬಿ ಮನೆ ಕೊಟ್ಟೆ ಅಂದಳು. ಅತ್ತೆ ಹೌದು ಅಂದಳು. ಸುಳ್ಳು ಹೇಳಿದ್ದು ತಪ್ಪೇ ಎಂದೂ ಅಂದಳು. ಆಮೇಲೆ ಕೇಳಿದಳು:

"ಖರೇ ಹೇಳಿದ್ರ ಕೊಡ್ತಿದ್ರೇನ್ರಿ ಅಕ್ಕಾರ?"

ಕೊಡುತ್ತಿದ್ದೆ ಎಂದು ಹೇಳಿ ಎದ್ದು ಹೋಗುವುದು ಅವಳಿಗೆ ಸುಲಭವಿತ್ತು.

"ಇಲ್ರಿ, ಕೊಡ್ತಿರಲಿಲ್ಲ" ಅಂದಳು. ಆಮೇಲೆ ನನ್ನ ಕಡೆ ನೋಡಿ, "ಆದ್ರ ನಾ ನಿಮ್ಮ ಸೊಸಿಗೆ ಕುಂಕುಮ ಕೊಡದ ಬಾಗಿಲ ದಾಟಿ ಹೋಗೇನಿ. ಆ ಪಾಪ ನನ್ನ ಮ್ಯಾಲ ಬಂತಲ್ರಿ" ಅಂದಳು.

ಅವಳಿಗೆ ನಿಜವಾಗಿ ನೋವಾಗಿದ್ದು ಅದು. ಮನೆಯದಲ್ಲ, ಸುಳ್ಳಿನದೂ ಅಲ್ಲ. ಮುತ್ತೈದೆಯನ್ನು ವಿಧವೆಯೆಂದು ಬಿಟ್ಟು ಹೋದೆನಲ್ಲ ಎಂಬುದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಆಗಲೇ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ದೇವರ ಮುಂದೆ ಮಣೆ ಹಾಕಿ ಕೂಡಿಸಿದಳು. ಟಿಕಳಿ ತೆಗೆದು ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿದಳು, ಕೆನ್ನೆಗೆ ಅರಿಷಿಣ ಹಚ್ಚಿದಳು, ರವಿಕೆಯ ಕಣ, ತೆಂಗಿನಕಾಯಿ ಇಟ್ಟು ಉಡಿ ತುಂಬಿದಳು. ಮಧ್ಯಾಹ್ನ ರೊಟ್ಟಿ ಉಂಡು ಹೋದವನ ಹೆಸರಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಬಹುದಿತ್ತು. ಅವಳ ಮುಖ ನೋಡಿ ಕೇಳಲು ಆಗಲಿಲ್ಲ. ಮೇಲೆ ಬಂದು ಮುಖ ತೊಳೆದುಕೊಂಡು ಮಲಗಿಬಿಟ್ಟೆ.

ಕರಾರಿನ ಅವಧಿ ಮುಗಿದಾಗ ಅವಳೇ ಮತ್ತೆ ಮುಂದುವರಿಸಿದಳು. ಎದುರು ಮನೆಯ ಡಾಕ್ಟರಮ್ಮ ನಮ್ಮ ಜೊತೆ ಮಾತು ಕಡಿಮೆ ಮಾಡಿದಳು, ಮೂರನೆಯ ಮಹಡಿಯವರು ಹೆಚ್ಚು ಮಾಡಿದರು. ಈಗ ಎಲ್ಲ ಹಬ್ಬಕ್ಕೂ ಕುಂಕುಮಕ್ಕೆ ಕರೆ ಬರುತ್ತದೆ. ಕೆಲವಕ್ಕೆ ಹೋಗುತ್ತೇನೆ, ಕೆಲವಕ್ಕೆ ಕೆಲಸವಿದೆ ಅನ್ನುತ್ತೇನೆ. ಊರಿನವರು ಬಂದು ಉಂಡು ಹೋಗುತ್ತಾರೆ. ಆತ ಆಗಾಗ ತಾಯಿಗೆ ಫೋನ್ ಮಾಡುತ್ತಾನೆ. ಅತ್ತೆ ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಾಲು ಹೀಗಿದೆ, ಮಳೆ ಹೀಗಿದೆ ಎಂದು ಹೇಳಿ ಇಡುತ್ತಾಳೆ. ನಾನು ಆಗ ಹಿಂದಿನ ಪಡಸಾಲೆಯಲ್ಲಿ ಬಟ್ಟೆ ಮಡಚುತ್ತಿರುತ್ತೇನೆ.

ಮೊನ್ನೆ ಒಂದು ರವಿವಾರ ಮಾಲೀಕಳು ನಿಡೋಣಿಯಲ್ಲಿ ನಾದಿನಿಯ ಬಸುರಿ ಮಗಳ ಕುಬಸಕ್ಕೆ ಹೋಗುವಾಗ ಅತ್ತೆಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದಳು. ನನ್ನನ್ನೂ ಕರೆದಳು. ನಾ ಬರುವುದಿಲ್ಲ ಅಂದೆ, ಯಾಕೆ ಎಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ಒಬ್ಬಳೇ, ಫ್ಯಾನು ಹಾಕಿಕೊಂಡು, ಹಗಲು ಹೊತ್ತಿನಲ್ಲಿ ನಿದ್ದೆ ಮಾಡಿದೆ. ಅವರು ಬಂದು ಬಾಗಿಲು ಬಡಿದಾಗಲೇ ಎಚ್ಚರ. ಅತ್ತೆ ಕುಬಸದ ಊಟದ್ದು, ಮಾಡಿದ ಸಿಹಿಯದ್ದು, ಹಾಕಿದ ಹಾಡಿನದ್ದು ಎಲ್ಲ ಹೇಳುತ್ತ ಸೀರೆ ಬದಲಿಸಿದಳು. ಅಲ್ಲಿಯೂ ಮಗನ ಬಗ್ಗೆ ಕೇಳಿದರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ.

ಅದಕ್ಕೆ ಅವರು ಏನಂದರು ಎಂದು ಕೇಳಿದೆ.

"ಏನಂತಾರ" ಅಂದಳು ಅತ್ತೆ, ಕಾಲು ನೀವಿಕೊಳ್ಳುತ್ತ. "ಹೌದೇನ್ರಿ ಅಂದ್ರು, ಕೈ ಹಿಡದು ಊಟಕ್ಕ ಎಬ್ಬಿಸಿದ್ರು."